ಮೊದಲು ಸೂಜಿ, ಆಮೇಲೆ ಸ್ಕ್ಯಾನ್! ಇದು ಯಾವ ಊರಿನ ಕ್ರಮ?

ರಾಯಚೂರಿನ ಆ ಖಾಸಗಿ ಆಸ್ಪತ್ರೆಯ ಹೆಸರು ಬರೆಯುವುದಿಲ್ಲ. ಬರೆದರೆ ವಕೀಲರ ನೋಟಿಸು ಬಂದೀತು, ಅದರ ಹಿಂದೆ ಓಡಾಡಲು ನನಗೆ ಪುರುಸೊತ್ತಿಲ್ಲ. ಇದ್ದ ಪುರುಸೊತ್ತನ್ನೆಲ್ಲ ಆಸ್ಪತ್ರೆ ಮತ್ತು ಸ್ಕ್ಯಾನಿಂಗ್ ಸೆಂಟರಿನ ಬೆಂಚುಗಳೇ ನುಂಗಿ ಹಾಕಿವೆ.

ನಮ್ಮ ಕಾಕಾ ಸಿಂಧನೂರಿನವರು. ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುತ್ತಲೇ ತಲೆ ನರೆತವರು. ರಾತ್ರಿ ಮೇಲಿಂದ ಮೇಲೆ ಮೂತ್ರಕ್ಕೆ ಏಳುತ್ತಿದ್ದರು. ವಯಸ್ಸಾಯಿತಲ್ಲ, ಇದ್ದದ್ದೇ ಎಂದು ಓಣಿಯವರೆಲ್ಲ ಸಮಾಧಾನ ಹೇಳಿದರು. ರಕ್ತ ಪರೀಕ್ಷೆ ಮಾಡಿಸಿದರೆ ಪಿಎಸ್ಎ, ಅಂದರೆ ಪ್ರಾಸ್ಟೇಟ್ ಗ್ರಂಥಿಯಿಂದ ರಕ್ತಕ್ಕೆ ಸೇರುವ ಒಂದು ಪ್ರೋಟೀನಿನ ಅಳತೆ, 11 ಬಂತು. ಅದು 4ರ ಒಳಗಿರಬೇಕು ಎನ್ನುವುದು ರೂಢಿಯ ಲೆಕ್ಕ. ಹೆಚ್ಚಿದ ಮಾತ್ರಕ್ಕೆ ಕ್ಯಾನ್ಸರ್ ಎಂದೇನಲ್ಲ. ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿ ವಯಸ್ಸಿನ ಜೊತೆ ಸುಮ್ಮನೆ ದಪ್ಪವಾದರೂ ಏರುತ್ತದೆ, ಸೋಂಕಾದರೂ ಏರುತ್ತದೆ. ಇಷ್ಟನ್ನು ಹೇಳಲು ಎರಡು ನಿಮಿಷ ಸಾಕಾಗಿತ್ತು. ಡಾಕ್ಟರು ಚೀಟಿಯ ಮೇಲೆ 'ಬಯಾಪ್ಸಿ' (ಸೂಜಿಯಿಂದ ಚೂರು ಮಾಂಸ ತೆಗೆದು ಪರೀಕ್ಷಿಸುವುದು) ಎಂದು ಗೀಚಿ ಮುಂದಿನವರನ್ನು ಕರೆದರು.

ಬಯಾಪ್ಸಿಯ ದಿನ ವಾರ್ಡಿನ ಹುಡುಗನೊಬ್ಬ ಬಾಗಿಲಲ್ಲಿ ನಿಂತು, ಹೆಂಗಸರು ಮಕ್ಕಳು ತುಂಬಿದ್ದ ಪಡಸಾಲೆಗೆಲ್ಲ ಕೇಳುವಂತೆ, "ಗುದದ್ವಾರದಿಂದ ಸೂಜಿ ಹಾಕಿಸಿಕೊಳ್ಳುವವರು ಯಾರು? ಬನ್ನಿ ಅಜ್ಜಾ!" ಎಂದು ಕೂಗಿದ. ಕಾಕಾ ಏಳಲಿಲ್ಲ. ಹೆಗಲ ಮೇಲಿನ ಟವೆಲನ್ನು ತೆಗೆದು ಮಡಿಚಿದರು, ಬಿಚ್ಚಿ ಮತ್ತೆ ಮಡಿಚಿದರು. ನಾನೇ ಕೈ ಹಿಡಿದು ಎಬ್ಬಿಸಿದೆ. ಮದುವೆ ಮನೆಯಲ್ಲಿ ಊಟಕ್ಕೆ ಕರೆಯುವಾಗಲೂ ಇದಕ್ಕಿಂತ ಮರ್ಯಾದೆ ಇರುತ್ತದೆ.

ಒಳಗೆ ನಡೆದದ್ದು ಇಷ್ಟು. ಗುದದ್ವಾರದಲ್ಲಿ ಅಲ್ಟ್ರಾಸೌಂಡ್ ಸಲಕರಣೆ ಇಟ್ಟು, ಗ್ರಂಥಿಯ ಅಲ್ಲಲ್ಲಿಗೆ ಸೂಜಿ ಹೊಡೆದು, ಹನ್ನೆರಡು ಎಳೆ ಮಾಂಸ ತೆಗೆದರು. ಅಲ್ಟ್ರಾಸೌಂಡಿನಲ್ಲಿ ಗ್ರಂಥಿಯೇನೋ ಕಾಣುತ್ತದೆ. ಅದರೊಳಗಿನ ಗಡ್ಡೆ ಎಷ್ಟೋ ಸಲ ಕಾಣುವುದೇ ಇಲ್ಲ. ಅಂದರೆ ಅಂದಾಜಿನ ಮೇಲೆ ಹಂಚಿ ಹೊಡೆಯುವ ಸೂಜಿಗಳು. ನಮ್ಮ ಕಡೆ ಬೋರ್‌ವೆಲ್ ಕೊರೆಸುವ ರೈತನೂ ಪಾಯಿಂಟ್ ನೋಡಿಸದೆ ಗಾಡಿಗೆ ಫೋನ್ ಮಾಡುವುದಿಲ್ಲ.

ಕ್ಯಾನ್ಸರ್ ಇಲ್ಲ ಎಂದು ರಿಪೋರ್ಟ್ ಬಂತು. ಕಾಕಿ ಅಂಬಾಮಠಕ್ಕೆ ಹೋಗಿ ಕಾಯಿ ಒಡೆಸಿ ಬಂದರು. ನನಗೇಕೋ ಸಮಾಧಾನವಾಗಲಿಲ್ಲ. ಬೆಂಗಳೂರಿನಲ್ಲಿರುವ ನೆಂಟರ ಮೂಲಕ ಅಲ್ಲಿನ ಮೂತ್ರರೋಗ ತಜ್ಞರೊಬ್ಬರಿಗೆ ಕಾಗದಗಳನ್ನೆಲ್ಲ ತೋರಿಸಿದೆ. ಅವರು ಕೇಳಿದ ಮೊದಲ ಪ್ರಶ್ನೆ: "ಎಂಆರ್‌ಐ ಎಲ್ಲಿ?"

ಎಂಆರ್‌ಐ ಯಾರು ಬರೆದುಕೊಟ್ಟಿದ್ದರು, ತೋರಿಸಲಿಕ್ಕೆ?

ಸರಿ, ಈಗಲಾದರೂ ಮಾಡಿಸೋಣವೆಂದು ಸ್ಕ್ಯಾನಿಂಗ್ ಸೆಂಟರಿಗೆ ಹೋದರೆ, "ಬಯಾಪ್ಸಿ ಆಗಿದೆಯಾ? ಹಾಗಾದರೆ ಆರೆಂಟು ವಾರ ಬಿಟ್ಟು ಬನ್ನಿ. ಒಳಗೆ ರಕ್ತ ಕಟ್ಟಿರುತ್ತದೆ, ಚಿತ್ರ ಸರಿಯಾಗಿ ಓದಲಾಗುವುದಿಲ್ಲ" ಎಂದರು. ಅವರು ಹೇಳಿದ್ದು ಸರಿಯೇ. ಸಿಟ್ಟು ಬರುವುದೂ ಅದಕ್ಕೇ. ಸೂಜಿ ಮೊದಲಾದರೆ ಸ್ಕ್ಯಾನ್ ಕೆಡುತ್ತದೆ ಎಂದು ಕೌಂಟರಿನ ಹುಡುಗಿಗೆ ಗೊತ್ತಿದೆ, ದೊಡ್ಡ ಬೋರ್ಡು ಹಾಕಿಕೊಂಡ ಡಾಕ್ಟರಿಗೆ ಗೊತ್ತಿರಲಿಲ್ಲವೇ?

ಇದೇನು ನಿನ್ನೆ ಮೊನ್ನೆ ಕಂಡುಹಿಡಿದ ವಿದ್ಯೆಯೂ ಅಲ್ಲ. ಮೊದಲು ಎಂಆರ್‌ಐ ಮಾಡಿದರೆ ಸುಮಾರು ಕಾಲುಭಾಗದಷ್ಟು ಗಂಡಸರಿಗೆ ಬಯಾಪ್ಸಿಯನ್ನೇ ತಪ್ಪಿಸಬಹುದು ಎಂದು 2017ರಲ್ಲೇ ಬ್ರಿಟನ್ನಿನ ಪ್ರೊಮಿಸ್ ಅಧ್ಯಯನ ತೋರಿಸಿತು. ಮರುವರ್ಷ ಪ್ರಿಸಿಷನ್ ಎಂಬ ಅಧ್ಯಯನದಲ್ಲಿ 500 ಗಂಡಸರನ್ನು ಎರಡು ಗುಂಪು ಮಾಡಿ ನೋಡಿದರು. ಎಂಆರ್‌ಐ ತೋರಿಸಿದ ಜಾಗಕ್ಕೇ ಸೂಜಿ ಹಾಕಿದ ಗುಂಪಿನಲ್ಲಿ ಶೇ. 38 ಜನರಲ್ಲಿ ಚಿಕಿತ್ಸೆ ಬೇಕಾಗುವಂಥ ಕ್ಯಾನ್ಸರ್ ಸಿಕ್ಕಿತು. ಹಳೆಯ ಪದ್ಧತಿಯಲ್ಲಿ ಸಿಕ್ಕಿದ್ದು ಶೇ. 26. ಎಂಆರ್‌ಐ ಸರ್ವಜ್ಞನೇನಲ್ಲ, ಅದರ ಕಣ್ಣಿಗೂ ಕೆಲವು ತಪ್ಪುತ್ತವೆ. ಆದರೂ ಕಣ್ಣು ಕಟ್ಟಿಕೊಂಡು ಹೊಡೆಯುವುದಕ್ಕಿಂತ ಕಣ್ಣು ಬಿಟ್ಟು ಹೊಡೆಯುವುದು ಮೇಲಲ್ಲವೇ?

ಕೇಳಿದರೆ "ನಮ್ಮ ಊರಲ್ಲಿ ಆ ಫ್ಯೂಷನ್ ಯಂತ್ರ ಇಲ್ಲ ಸರ್" ಎನ್ನುತ್ತಾರೆ. ಎಂಆರ್‌ಐ ಚಿತ್ರವನ್ನು ಅಲ್ಟ್ರಾಸೌಂಡಿನ ಚಿತ್ರದ ಮೇಲೆ ಕೂರಿಸಿ ಗುರಿ ತೋರಿಸುವ ಯಂತ್ರವದು. ಇಲ್ಲದಿದ್ದರೆ ಇಲ್ಲ, ಅದಕ್ಕೆ ಯಾರನ್ನೂ ಬೈಯುವುದಿಲ್ಲ. ಏಮ್ಸ್ ಬೇಕೆಂದು ಧರಣಿ ಕೂತ ಜಿಲ್ಲೆಯವರು ನಾವು, ಇಲ್ಲ ಎಂಬ ಮಾತು ನಮಗೆ ಹೊಸದಲ್ಲ. ಆದರೆ ಪಳಗಿದ ವೈದ್ಯರು ಎಂಆರ್‌ಐ ಚಿತ್ರವನ್ನು ಪಕ್ಕದಲ್ಲಿಟ್ಟುಕೊಂಡು, ಜಾಗವನ್ನು ಮನಸ್ಸಿನಲ್ಲಿ ಗುರುತು ಮಾಡಿಕೊಂಡು ಸೂಜಿ ಹಾಕುವುದೂ ಉಂಟು. ಅದೂ ಬೇಡ, "ಮೊದಲು ಎಂಆರ್‌ಐ ಮಾಡಿಸಿಕೊಂಡು ಬೆಂಗಳೂರಿಗೋ ಹೈದರಾಬಾದಿಗೋ ಹೋಗಿ" ಎಂದು ಒಂದು ಸಾಲು ಬರೆದುಕೊಡಲು ಯಾವ ಯಂತ್ರ ಬೇಕು?

ವಾರಗಳು ಕಳೆದ ಮೇಲೆ ಎಂಆರ್‌ಐ ಆಯಿತು. ಪಿರಾಡ್ಸ್ 4 ಎಂದು ಬರೆದಿದ್ದರು. 1ರಿಂದ 5ರವರೆಗಿನ ಅಳತೆಯಲ್ಲಿ ಅನುಮಾನ ಬಲವಾಗಿದೆ ಎಂದು ಅರ್ಥ. ಜಾಗ ಗ್ರಂಥಿಯ ಮುಂಭಾಗ. ಗುದದ್ವಾರದ ಕಡೆಯಿಂದ ಹೋಗುವ ಸೂಜಿಗೆ ಸುಲಭವಾಗಿ ಎಟುಕದ ಮೂಲೆಯೇ ಅದು.

ಕಾಕಾರನ್ನು ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಕೂರಿಸಿಕೊಂಡು ಬೆಂಗಳೂರಿಗೆ ಹೋದೆ. ಚಾಪೆಯಂತೆ ಸುತ್ತಿದ್ದ ಫಿಲಂಗಳನ್ನು ಮೇಜಿನ ಮೇಲೆ ಹರಡಿದೆ. "ಫಿಲಂ ನಡೆಯುವುದಿಲ್ಲ, ಯಂತ್ರಕ್ಕೆ ಹಾಕಲು ಸಿ.ಡಿ. ಬೇಕು" ಎಂದರು. ಸ್ಕ್ಯಾನಿಂಗ್ ಸೆಂಟರಿಗೆ ಫೋನ್ ಮಾಡಿದರೆ, "ನೀವು ಕೇಳಲಿಲ್ಲ, ನಾವು ಕೊಡಲಿಲ್ಲ. ಬಂದು ತೆಗೆದುಕೊಂಡು ಹೋಗಿ" ಎಂಬ ಉತ್ತರ. ಸಾವಿರಗಟ್ಟಲೆ ಹಣ ಎಣಿಸಿಕೊಂಡವರಿಗೆ, ಈ ಚಿತ್ರ ಮುಂದೆ ಬಯಾಪ್ಸಿಗೆ ಬೇಕಾಗುತ್ತದೆ ಎಂದು ಚೀಟಿಯಲ್ಲಿ ಓದಿದವರಿಗೆ, ಒಂದು ಸಿ.ಡಿ. ಲಕೋಟೆಗೆ ಹಾಕಲು ನಾನು ಅರ್ಜಿ ಕೊಡಬೇಕಿತ್ತೇ? ಕಾಕಾರನ್ನು ನೆಂಟರ ಮನೆಯಲ್ಲಿ ಬಿಟ್ಟು, ಆ ತಟ್ಟೆಗಾಗಿ ರಾಯಚೂರಿಗೆ ಬಂದು ಮತ್ತೆ ರೈಲು ಹತ್ತಿದೆ.

ಅಲ್ಲಿ ಈ ಸಲ ಗುದದ್ವಾರದಿಂದಲ್ಲ, ಅದರ ಮುಂದಿನ ಚರ್ಮದ ಮೂಲಕ ಸೂಜಿ ಹಾಕಿದರು. ಸೋಂಕಿನ ಭಯ ಕಡಿಮೆಯಂತೆ. ಪರದೆ ಎಳೆದು, ಹೆಸರು ಹಿಡಿದು ಮೆಲ್ಲಗೆ ಕರೆದರು. ಗುರುತಿಟ್ಟ ಜಾಗದ ಎಳೆಗಳಲ್ಲಿ ಕ್ಯಾನ್ಸರ್ ಇತ್ತು. ಗ್ಲೀಸನ್ 7, ಅಂದರೆ ಕ್ಯಾನ್ಸರಿನ ಉಗ್ರತೆ ಅಳೆಯುವ ಲೆಕ್ಕದಲ್ಲಿ ಮಧ್ಯಮ ದರ್ಜೆ.

ಈ ರಿಪೋರ್ಟ್ ಹಿಡಿದು ಮೊದಲಿನ ಆಸ್ಪತ್ರೆಗೆ ಹೋದೆ. "ಪ್ರಾಸ್ಟೇಟ್ ಕ್ಯಾನ್ಸರ್ ಬಹುಪಾಲು ನಿಧಾನವಾಗಿ ಬೆಳೆಯುತ್ತದೆ, ಅಷ್ಟರಲ್ಲಿ ಏನೂ ಆಗಿರುವುದಿಲ್ಲ ಬಿಡಿ" ಎಂದರು ಆ ಮಹಾನುಭಾವರು. ಗಡ್ಡೆ ನಿಧಾನಸ್ಥನಾಗಿದ್ದರೆ ಅದು ಗಡ್ಡೆಯ ಒಳ್ಳೆಯತನ, ಇವರ ಉಪಕಾರವೇನಲ್ಲ. ಮೊದಲ ಬಯಾಪ್ಸಿಯ ಹಣ ವಾಪಸು ಕೊಡಿ ಎಂದು ಅಲ್ಲೇ ಕೂತು ಅರ್ಜಿ ಬರೆದೆ. ಕೌಂಟರಿನವರು ಸ್ವೀಕೃತಿಯ ಮುದ್ರೆ ಹಾಕಲು ಒಪ್ಪಲಿಲ್ಲ. ಸ್ಪೀಡ್ ಪೋಸ್ಟಿನಲ್ಲಿ ಕಳಿಸಿದ್ದೇನೆ. ಉತ್ತರ ಬರದಿದ್ದರೆ ಮುಂದಿನದು ಗ್ರಾಹಕರ ಆಯೋಗಕ್ಕೆ.