ಮೆಡಿಕೈಡ್ ತಗೊಂಡ್ರೆ ಮನೆ ಹೋಗುತ್ತಾ? ಸತ್ಯಾಂಶ ಇಲ್ಲಿದೆ

ಮೆಡಿಕೈಡ್ ಅಂದ್ರೆ ಅಮೆರಿಕದಲ್ಲಿ ಕಡಿಮೆ ಆದಾಯದವರಿಗೆ ಸರ್ಕಾರ ಕೊಡುವ ಆರೋಗ್ಯ ನೆರವು. "ನರ್ಸಿಂಗ್ ಹೋಮ್ (ಹಿರಿಯರ ಆರೈಕೆ ಕೇಂದ್ರ) ಖರ್ಚಿಗೆ ಮೆಡಿಕೈಡ್ ತಗೊಂಡ್ರೆ ಸರ್ಕಾರ ಮನೆ ಕಿತ್ಕೊಳ್ಳುತ್ತೆ, ಈಗಲೇ ಮಕ್ಕಳ ಹೆಸರಿಗೆ ಬರೆದುಬಿಡಿ" ಅನ್ನೋ ಫಾರ್ವರ್ಡ್ ಅಮೆರಿಕದ ಹಿರಿಯರನ್ನು ಸುಮ್ನೆ ಹೆದರಿಸುತ್ತಿದೆ.

'ಎಸ್ಟೇಟ್ ರಿಕವರಿ' ಅನ್ನೋದು ಇರೋದು ನಿಜ. 1993ರ ಫೆಡರಲ್ ಕಾನೂನಿನಂತೆ, 55 ವರ್ಷ ತುಂಬಿದವರ ದೀರ್ಘಕಾಲದ ಆರೈಕೆಗೆ ಕೊಟ್ಟ ಹಣವನ್ನು ಅವರು ತೀರಿಕೊಂಡ ಮೇಲೆ ರಾಜ್ಯ ಅವರ ಆಸ್ತಿಯಿಂದ ಕೇಳುತ್ತದೆ. ಕೊಟ್ಟಿದ್ದಕ್ಕಿಂತ ಜಾಸ್ತಿ ಕೇಳುವಂತಿಲ್ಲ. ಗಂಡ ಅಥವಾ ಹೆಂಡತಿ ಬದುಕಿರುವವರೆಗೂ ವಸೂಲಿ ಇಲ್ಲ. 21 ತುಂಬದ ಮಕ್ಕಳಿದ್ದರೂ, ಯಾವುದೇ ವಯಸ್ಸಿನ ಅಂಧ ಅಥವಾ ಅಂಗವಿಕಲ ಮಕ್ಕಳಿದ್ದರೂ ಇಲ್ಲ.

ನಿಜವಾದ ಅಪಾಯ ಆ ಸಲಹೆಯಲ್ಲೇ ಇದೆ. ಸಾಮಾನ್ಯವಾಗಿ ಅರ್ಜಿಗೆ ಹಿಂದಿನ 60 ತಿಂಗಳಲ್ಲಿ ಯಾರಿಗೆ ಏನು ಬರೆದುಕೊಟ್ಟಿರಿ ಅಂತ ನೋಡುತ್ತಾರೆ. ಮನೆ ದಾನ ಕೊಟ್ಟಿದ್ದರೆ ಆರೈಕೆಯ ನೆರವೇ ತಿಂಗಳುಗಟ್ಟಲೆ ಸಿಗದಿರಬಹುದು. ಸಹಿ ಹಾಕುವ ಮುಂಚೆ ನಿಮ್ಮ ರಾಜ್ಯದ ನಿಯಮ ಗೊತ್ತಿರುವ ವಕೀಲರನ್ನು ದಯವಿಟ್ಟು ಕೇಳಿ.