ಎಲೆ ಹಾಕದೆ ಊಟಕ್ಕೆ ಕರೆಯುವವರು

ಅಮ್ಮನಿಗೆ ಇವತ್ತಿಗೂ ನಂಬಿಕೆ ಬಂದಿಲ್ಲ. ಪ್ರತಿ ಭಾನುವಾರ ತೀರ್ಥಹಳ್ಳಿಯಿಂದ ಫೋನು ಬಂದಾಗಲೂ ಅದೇ ಪ್ರಶ್ನೆ. "ಅಲ್ಲ ಮಾರಾಯ, ನಲವತ್ತೈದು ಡಿಗ್ರಿ ಬಿಸಿಲು ಅಂತೀಯ. ಪುಟ್ಟಿ ಐಸ್ ಮೇಲೆ ಆಡ್ತಾಳೆ ಅಂತೀಯ. ಇದ್ರಲ್ಲಿ ಯಾವ್ದನ್ನ ನಂಬ್ಲಿ?"

ಎರಡನ್ನೂ ನಂಬಬೇಕು ಅಮ್ಮ. ನಾವಿರುವುದು ಅರಿಜೋನಾದ ಚಾಂಡ್ಲರ್‌ನಲ್ಲಿ. ಜೂನ್ ತಿಂಗಳ ಬೆಳಗ್ಗೆ ಐದೂವರೆಗೆ ಮಗಳನ್ನು ಎಬ್ಬಿಸಿ, ಅವಳಿಗಿಂತ ಭಾರದ ಕಿಟ್ ಬ್ಯಾಗನ್ನು ಡಿಕ್ಕಿಗೆ ತುರುಕಿ ರಿಂಕ್‌ಗೆ ಹೊರಡುತ್ತೇವೆ. ಒಳಗೆ ಹೋಗುವಾಗ ನನಗೆ ಸ್ವೆಟರ್ ಬೇಕು. ಎರಡು ಗಂಟೆ ಬಿಟ್ಟು ಹೊರಗೆ ಬಂದರೆ ಸ್ಟೀರಿಂಗ್ ಮುಟ್ಟಿದ ಕೈ ಚುರ್ ಅನ್ನುತ್ತದೆ.

ವಿಷಯಕ್ಕೆ ಬರ್ತೀನಿ. ಕಾಲೇಜು ಐಸ್ ಹಾಕಿಯ ಮೇಲ್ಮಟ್ಟ, ಅಂದರೆ ಅಮೆರಿಕದ ಕಾಲೇಜು ಕ್ರೀಡೆಗಳನ್ನು ನಡೆಸುವ ಎನ್‌ಸಿಎಎ ಸಂಸ್ಥೆಯ ಡಿವಿಷನ್ 1, ಹೊಸ ಊರುಗಳಿಗೆ ಹೋಗಬೇಕೇ ಬೇಡವೇ ಎಂಬ ಮಾತು ಬಂದಾಗಲೆಲ್ಲ ನಮ್ಮ ಆಫೀಸಿನ ಮಿಷಿಗನ್ ಕಡೆಯವರೊಬ್ಬರದು ಒಂದೇ ರಾಗ: "ಅದು ಚಳಿ ಸೀಮೆಯ ಆಟ, ಅಲ್ಲೇ ಇರಲಿ ಬಿಡಿ." ನನಗೆ ನಗು ಬರುತ್ತದೆ. ಒಳಾಂಗಣದ ರಿಂಕ್ ಇರುವುದು ಕಾಂಕ್ರೀಟ್ ನೆಲದೊಳಗಿನ ಪೈಪುಗಳಲ್ಲಿ ಹರಿಯುವ, ಸೊನ್ನೆಗಿಂತ ಕೆಳಗೆ ತಣಿಸಿದ ಉಪ್ಪುನೀರಿನ ಮೇಲೆ. ಆ ನೀರಿಗೆ ಹೊರಗಿರುವುದು ಬಾಸ್ಟನ್ನೋ ನಮ್ಮ ಪಕ್ಕದ ಟೆಂಪೆಯೋ ಗೊತ್ತಾಗುವುದಿಲ್ಲ. ಗೊತ್ತಾಗುವುದು ಕರೆಂಟ್ ಬಿಲ್ ಕಟ್ಟುವವನಿಗೆ ಮಾತ್ರ.

ಆಟ ದಕ್ಷಿಣಕ್ಕೆ ಇಳಿದು ಎಷ್ಟೋ ವರ್ಷವಾಯಿತು. ಎನ್‌ಎಚ್‌ಎಲ್ ಎಂಬ ವೃತ್ತಿಪರ ಲೀಗ್ ಗೆದ್ದವರಿಗೆ ಸಿಗುವ ಸ್ಟ್ಯಾನ್ಲಿ ಕಪ್ ನೋಡಿ: 2020ರಿಂದ 2025ರವರೆಗಿನ ಆರರಲ್ಲಿ ನಾಲ್ಕು ಫ್ಲೋರಿಡಾದ ಎರಡು ತಂಡಗಳ ಪಾಲಾಗಿವೆ, ಒಂದು ಮರುಭೂಮಿಯ ಲಾಸ್ ವೇಗಸ್‌ಗೆ ಹೋಗಿದೆ. ಕ್ಯಾಲಿಫೋರ್ನಿಯಾದಲ್ಲಿ ಮೂರು ಎನ್‌ಎಚ್‌ಎಲ್ ತಂಡಗಳಿವೆ. ಡಲ್ಲಾಸ್‌ನಲ್ಲಿ 1993ರಿಂದ ಒಂದಿದೆ. ಆದರೆ ಕ್ಯಾಲಿಫೋರ್ನಿಯಾ, ಟೆಕ್ಸಸ್, ಫ್ಲೋರಿಡಾ ಮೂರನ್ನೂ ಜಾಲಾಡಿದರೂ ಡಿವಿಷನ್ 1 ಹಾಕಿ ಆಡುವ ಕಾಲೇಜು ಒಂದೂ ಸಿಗುವುದಿಲ್ಲ. ದೇಶದಲ್ಲಿ ಡಿವಿಷನ್ 1 ಕಾಲೇಜುಗಳು ಮುನ್ನೂರೈವತ್ತಕ್ಕೂ ಹೆಚ್ಚು, ಪುರುಷರ ಹಾಕಿ ಇರುವುದು ಅರವತ್ತು ಚಿಲ್ಲರೆ ಕಡೆ. ಅದರಲ್ಲೂ ಬಹುಪಾಲು ಈಶಾನ್ಯದ ಮೂಲೆಯಲ್ಲಿ, ಗ್ರೇಟ್ ಲೇಕ್ಸ್ ಎಂಬ ದೊಡ್ಡ ಕೆರೆಗಳ ಸುತ್ತ, ಇಲ್ಲವೇ ಮಿನ್ನೆಸೋಟಾದಲ್ಲಿ.

ಇದಕ್ಕೆ ಎಲ್ಲರೂ ಕೊಡುವ ಉತ್ತರ ದುಡ್ಡು. ಅದು ಸುಳ್ಳಲ್ಲ. 2010ರಲ್ಲಿ ಟೆರಿ ಪೆಗುಲಾ ಎಂಬ ಉದ್ಯಮಿ 88 ಮಿಲಿಯನ್ ಡಾಲರ್ ಕೊಡದಿದ್ದರೆ ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ತಂಡವೇ ಇರುತ್ತಿರಲಿಲ್ಲ. ನಮ್ಮ ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯ 2014ರ ನವೆಂಬರ್‌ನಲ್ಲಿ ಕ್ಲಬ್ ಮಟ್ಟದಿಂದ ಮೇಲೇರುವುದಾಗಿ ಹೇಳಿದ್ದೂ 32 ಮಿಲಿಯನ್ ದೇಣಿಗೆ ಕೈಗೆ ಬಂದ ಮೇಲೆ. ಆದರೆ ದುಡ್ಡು ಬಂದ ಮೇಲೆ ಏನಾಯಿತು ಅನ್ನುವುದನ್ನು ಯಾರೂ ಹೇಳುವುದಿಲ್ಲ.

ಇಲ್ಲಿ ಕಾಲೇಜು ತಂಡಗಳು ಬಿಡಿಬಿಡಿಯಾಗಿ ಆಡುವುದಿಲ್ಲ. ಎಂಟೋ ಹತ್ತೋ ಕಾಲೇಜು ಸೇರಿ ಒಂದು ಕಾನ್ಫರೆನ್ಸ್ ಅಂತ ಬಳಗ ಮಾಡಿಕೊಂಡಿರುತ್ತವೆ. ಪುರುಷರಲ್ಲಿ ಇಂಥ ಬಳಗಗಳು ಆರು. ವರ್ಷಾಂತ್ಯದ ರಾಷ್ಟ್ರೀಯ ಟೂರ್ನಿಗೆ 16 ತಂಡಗಳು; ಆರೂ ಬಳಗ ಗೆದ್ದವರು ಸೀದಾ ಒಳಗೆ, ಉಳಿದ ಹತ್ತು ಜಾಗ ರ‍್ಯಾಂಕಿಂಗ್ ಲೆಕ್ಕದಲ್ಲಿ. ಬಳಗವಿಲ್ಲದವನಿಗೆ ಸೀದಾ ಬಾಗಿಲೇ ಇಲ್ಲ. ಸಾಲದ್ದಕ್ಕೆ ಜನವರಿ, ಫೆಬ್ರವರಿಯಲ್ಲಿ ಎಲ್ಲರೂ ತಂತಮ್ಮವರ ಜೊತೆ ಆಡಿಕೊಂಡಿರುವಾಗ ಇವನ ಜೊತೆ ಆಡಲು ಯಾರಿಗೂ ಬಿಡುವಿರುವುದಿಲ್ಲ.

ಊಟಕ್ಕೆ ಬನ್ನಿ ಅಂತ ಕರೆದು, ಪಂಕ್ತಿಯಲ್ಲಿ ಎಲೆ ಹಾಕದೆ ಕಂಬದ ಪಕ್ಕ ನಿಲ್ಲಿಸಿದ ಹಾಗೆ. ಅರಿಜೋನಾ ಸ್ಟೇಟ್ ಆ ಕಂಬಕ್ಕೆ ಒರಗಿ ವರ್ಷಗಟ್ಟಲೆ ನಿಂತಿತ್ತು. ಎಂಟುನೂರು ಸೀಟಿನ ಹಳೇ ರಿಂಕ್‌ನಲ್ಲಿ ಆಡಿ 2019ರಲ್ಲಿ ರ‍್ಯಾಂಕಿಂಗ್ ಬಲದಿಂದಲೇ ರಾಷ್ಟ್ರೀಯ ಟೂರ್ನಿಗೆ ಹೋಯಿತು. ಕೋವಿಡ್‌ನ 2020-21ರಲ್ಲಂತೂ ಬಿಗ್ ಟೆನ್ ಬಳಗ ಆಡಿಸಿಕೊಳ್ಳಲು ಒಪ್ಪಿತು, ಷರತ್ತು ಏನೆಂದರೆ ಅಷ್ಟೂ ಪಂದ್ಯ ಅವರ ಊರಿನಲ್ಲೇ. ಇಡೀ ಸೀಸನ್ನು ಒಂದೇ ಒಂದು ಪಂದ್ಯವೂ ಮನೆಯಲ್ಲಿಲ್ಲ. 2022ರಲ್ಲಿ ಐದು ಸಾವಿರ ಸೀಟಿನ ಮಲ್ಲೆಟ್ ಅರೀನಾ ಕಟ್ಟಿದರು. ಬಳಗ ಸಿಕ್ಕಿದ್ದು 2024ರಲ್ಲಿ, ಎನ್‌ಸಿಎಚ್‌ಸಿಯಲ್ಲಿ. ಮೊದಲ ವರ್ಷವೇ ಡೆನ್ವರ್, ನಾರ್ತ್ ಡಕೋಟಾದಂಥ ಘಟಾನುಘಟಿಗಳ ನಡುವೆ ಎರಡನೇ ಸ್ಥಾನ. ಆ ವರ್ಷ ಮೇಲೆ ಹೇಳಿದ ಸಹೋದ್ಯೋಗಿ ಕ್ಯಾಂಟೀನಿನಲ್ಲಿ ನನ್ನ ಎದುರು ಕೂರುವುದನ್ನು ಸ್ವಲ್ಪ ದಿನ ಬಿಟ್ಟಿದ್ದರು.

ಕೈಯಲ್ಲಿ ಕಾಸಿದ್ದ ಇವರು ಬಚಾವಾದರು. ಹಂಟ್ಸ್‌ವಿಲ್ ಆಗಲಿಲ್ಲ. ನನ್ನ ಹೊಟ್ಟೆ ಉರಿಯುವುದು ಅಲ್ಲಿ.

ಹಂಟ್ಸ್‌ವಿಲ್ ಅಲಬಾಮಾದಲ್ಲಿದೆ, ನಾಸಾದ ರಾಕೆಟ್ ಎಂಜಿನಿಯರ್‌ಗಳ ಊರು. ಅಮೆರಿಕನ್ ಫುಟ್‌ಬಾಲ್ ಬಿಟ್ಟು ಬೇರೆ ದೇವರಿಲ್ಲದ ಆ ರಾಜ್ಯದಲ್ಲಿ ಅಲ್ಲಿನ ವಿಶ್ವವಿದ್ಯಾಲಯ ಎಪ್ಪತ್ತರ ದಶಕದ ಕೊನೆಯಲ್ಲೇ ಹಾಕಿ ಶುರುಮಾಡಿತ್ತು. 1996 ಮತ್ತು 1998ರಲ್ಲಿ ಡಿವಿಷನ್ 2 ಚಾಂಪಿಯನ್. ಆಮೇಲೆ ಮೇಲೇರಿ 2007 ಮತ್ತು 2010ರಲ್ಲಿ ಡಿವಿಷನ್ 1 ರಾಷ್ಟ್ರೀಯ ಟೂರ್ನಿಯನ್ನೂ ಆಡಿತು. 2010ರಲ್ಲೇ ಅವರಿದ್ದ ಚಿಕ್ಕ ಬಳಗದ ಪುರುಷರ ವಿಭಾಗ ಮುಚ್ಚಿತು. ಮೂರು ವರ್ಷ ಅನಾಥ. 2013ರಲ್ಲಿ ಡಬ್ಲ್ಯುಸಿಎಚ್‌ಎ ಎಂಬ ಬಳಗ ಸೇರಿಸಿಕೊಂಡಿತು. 2019ರಲ್ಲಿ ಅದೇ ಬಳಗದ ಏಳು ಕಾಲೇಜುಗಳು ಒಟ್ಟಾಗಿ ಎದ್ದು ಹೋಗುವುದಾಗಿ ಹೇಳಿ, 2021ರಿಂದ ಸಿಸಿಎಚ್‌ಎ ಎಂಬ ಹಳೆಯ ಹೆಸರಿಗೆ ಜೀವ ಕೊಟ್ಟು ಹೊಸ ಮನೆ ಮಾಡಿದವು. ಹಿಂದೆ ಉಳಿದವರು ಮೂವರು: ಅಲಾಸ್ಕಾದ ಎರಡು ಕಾಲೇಜು, ಮತ್ತು ಹಂಟ್ಸ್‌ವಿಲ್. ಪ್ರಯಾಣ ದೂರವಾಗುತ್ತದೆ ಅನ್ನುವುದು ಎದ್ದು ಹೋದವರು ಕೊಟ್ಟ ಕಾರಣ.

2020ರ ಮೇನಲ್ಲಿ ಕಾಲೇಜು ತಂಡ ನಿಲ್ಲಿಸುತ್ತೇವೆ ಅಂದಾಗ ಹಳೇ ಆಟಗಾರರು, ಊರಿನವರು ಸೇರಿ ಕೆಲವೇ ದಿನದಲ್ಲಿ ಲಕ್ಷಗಟ್ಟಲೆ ಡಾಲರ್ ಎತ್ತಿ ಉಳಿಸಿಕೊಂಡರು. ಆದರೆ ದುಡ್ಡು ಕೂಡಿಸಬಹುದು, ಬಳಗ ಕೂಡಿಸಲಾಗುವುದಿಲ್ಲ. ಯಾರೂ ಸೇರಿಸಿಕೊಳ್ಳಲಿಲ್ಲ. 2021ರಲ್ಲಿ ತಂಡ ನಿಂತಿತು. ಅಲ್ಲಿ ಐಸ್ ಇತ್ತು, ಜನ ಇದ್ದರು, ನಲವತ್ತು ವರ್ಷದ ಚರಿತ್ರೆ ಇತ್ತು. ಇಲ್ಲದ್ದು ಎಲೆ ಮಾತ್ರ.

ದೂರದ ಕಾರಣವನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಏರ್ ಫೋರ್ಸ್ ಅಕಾಡೆಮಿ ಇರುವುದು ಕೊಲರಾಡೋದ ಬೆಟ್ಟದ ಬುಡದಲ್ಲಿ. ಅದರ ಹಾಕಿ ಬಳಗ ಅಟ್ಲಾಂಟಿಕ್! ಜೊತೆಯವರೆಲ್ಲ ನ್ಯೂಯಾರ್ಕ್, ಪೆನ್ಸಿಲ್ವೇನಿಯಾ, ಮ್ಯಾಸಚೂಸೆಟ್ಸ್ ಕಡೆಯವರು. 2006ರಿಂದ ಹೀಗೇ ಹಾರಾಡಿಕೊಂಡು ಆಡುತ್ತಿದ್ದಾರೆ, ಯಾರೂ ಸತ್ತಿಲ್ಲ. ಬೇಕಾದವರಿಗೆ ದೂರವೂ ಹತ್ತಿರ.

(ಬೇಡವಾದರೆ ಗೆಲ್ಲುವುದೂ ತಪ್ಪೇ. ಮಿನ್ನೆಸೋಟಾದ ಸೇಂಟ್ ಥಾಮಸ್ ಕಾಲೇಜನ್ನು ಅದರ ಡಿವಿಷನ್ 3 ಬಳಗ 2019ರಲ್ಲಿ ಹೊರಹಾಕಿದ್ದು ಎಲ್ಲ ಆಟಗಳಲ್ಲೂ ಮಿತಿಮೀರಿ ಗೆಲ್ಲುತ್ತಾರೆ ಅಂತ. ಅವರು ಸೀದಾ ಡಿವಿಷನ್ 1ಕ್ಕೆ ಹಾರಿದರು. ಅವರಿಗೆ ಎಲೆ ಸಿಕ್ಕಿತು ಅನ್ನಿ, ಊರು ಸರಿಯಾದ ಕಡೆ ಇತ್ತಲ್ಲ.)

ಹಾಗಾಗಿ ನನ್ನ ವಾದ ಇಷ್ಟೇ. ಇಂಥ ಕಾಲೇಜು ಸಿದ್ಧವೇ ಅಂತ ಅಧ್ಯಯನ ಮಾಡಿಸುವುದು ಆಮೇಲೆ ಇರಲಿ. 2017ರಲ್ಲಿ ಎನ್‌ಎಚ್‌ಎಲ್ ಮತ್ತು ಅದರ ಆಟಗಾರರ ಸಂಘ ದುಡ್ಡು ಕೊಟ್ಟು ಅಂಥ ಅಧ್ಯಯನ ಮಾಡಿಸಿದವು. ಮೊದಲನೆಯದು ಇಲಿನಾಯ್ ವಿಶ್ವವಿದ್ಯಾಲಯದ್ದು. ಅಲ್ಲಿ ವರದಿ ಬಂತು, ತಂಡ ಬರಲಿಲ್ಲ. ಮೊದಲು ಆರು ಬಳಗಗಳು ಕೂತು ಒಂದು ಮಾತು ಕೊಡಲಿ: ರಿಂಕ್, ಕೋಚ್, ಐದು ವರ್ಷದ ಖರ್ಚು ತೋರಿಸಿದವರಿಗೆ ಎರಡು ವರ್ಷದೊಳಗೆ ಜಾಗ ಖಾತ್ರಿ. ಮೊದಲ ಕೆಲವು ವರ್ಷ ಬರುವ ತಂಡಗಳ ವಿಮಾನ ಖರ್ಚಿನಲ್ಲಿ ಹೊಸಬರೂ ಪಾಲು ಕೊಡಲಿ, ಬೇಡ ಅನ್ನುವುದಿಲ್ಲ. ಅಂಥ ಮಾತಿದ್ದರೆ ದೇಣಿಗೆ ಕೊಡುವವನಿಗೂ ಧೈರ್ಯ. ಈಗ ನೋಡಿ, ಲಿಂಡನ್‌ವುಡ್, ಸ್ಟೋನ್‌ಹಿಲ್, ಲಾಂಗ್ ಐಲ್ಯಾಂಡ್ ಮೂರೂ 2020ರಿಂದ ಈಚೆಗೆ ಬಂದವು, ಮೂರೂ ಬಳಗವಿಲ್ಲದೆ ಕಣಕ್ಕಿಳಿದವು. ನ್ಯಾಶ್‌ವಿಲ್‌ನ ಟೆನೆಸ್ಸೀ ಸ್ಟೇಟ್, ಚಾರಿತ್ರಿಕವಾಗಿ ಕಪ್ಪು ಜನರ ವಿಶ್ವವಿದ್ಯಾಲಯ, 2023ರಲ್ಲಿ ಹಾಕಿ ಶುರುಮಾಡುವುದಾಗಿ ಹೇಳಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಶುರುವಾಗುವ ದಿನ ಮುಂದಕ್ಕೆ ಹೋಯಿತು.

ನಮ್ಮ ಶಿವಮೊಗ್ಗದ ನವುಲೆ ಮೈದಾನದ ನೆನಪಾಗುತ್ತದೆ. ಮೈದಾನ ಕಟ್ಟಿದ್ದರಿಂದಲೇ ಅಲ್ಲಿ ಜನ ಸೇರಲಿಲ್ಲ. ರಣಜಿ ಪಟ್ಟಿಯಲ್ಲಿ ನಮ್ಮೂರಿಗೂ ಪಂದ್ಯ ಹಾಕಿದರು, ಆಗ ಸೇರಿದರು.

ಇನ್ನೊಂದು ಕಾರಣಕ್ಕೂ ಈಗ ಅವಸರವಿದೆ. 2025ರ ಆಗಸ್ಟ್‌ನಿಂದ ಕೆನಡಾದ ಮೇಜರ್ ಜೂನಿಯರ್, ಅಂದರೆ ಹದಿಹರೆಯದವರ ಮೇಲ್ಮಟ್ಟದ ಲೀಗ್‌ಗಳ ಹುಡುಗರೂ ಅಮೆರಿಕದ ಕಾಲೇಜುಗಳಲ್ಲಿ ಆಡಬಹುದು. ಮೊದಲು ಆ ಬಾಗಿಲು ಮುಚ್ಚಿತ್ತು. ಅತ್ತ ಪ್ರತಿಭೆ ನೂಕುನುಗ್ಗಲಾಗಿ ಬರುತ್ತಿದೆ, ಇತ್ತ ತಂಡಗಳು ಅಷ್ಟೇ ಇವೆ. ಬೆಂಚಿನ ತುದಿಯಲ್ಲಿದ್ದ ಹುಡುಗ ಹೊರಗೆ ಬೀಳುತ್ತಾನೆ. ಅವನು ಫೀನಿಕ್ಸ್‌ನವನೋ ಡಲ್ಲಾಸ್‌ನವನೋ ಆಗಿರುವ ಸಾಧ್ಯತೆಯೇ ಹೆಚ್ಚು.

ಹುಡುಗರ ಮಾತೇ ಆಯಿತು. ನಮ್ಮನೆಯಲ್ಲಿರುವುದು ಹುಡುಗಿ. 1972ರ ಟೈಟಲ್ ನೈನ್ ಕಾನೂನಿನಂತೆ ಗಂಡುಮಕ್ಕಳಿಗೆ ತಂಡ ಕೊಟ್ಟರೆ ಹೆಣ್ಣುಮಕ್ಕಳಿಗೂ ಸರಿಸಮ ಅವಕಾಶ ಕೊಡಬೇಕು. ಒಳ್ಳೆಯ ಕಾನೂನು, ಆದರೆ ಅದೇ ಆಟ ಕೊಡಬೇಕೆಂದಿಲ್ಲ. ಅರಿಜೋನಾ ಸ್ಟೇಟ್‌ನಲ್ಲಿ ಮಹಿಳೆಯರಿಗೆ ಲಕ್ರಾಸ್ ಬಂತು, ಟ್ರಯಾಥ್ಲಾನ್ ಬಂತು, ಹಾಕಿ ಬರಲಿಲ್ಲ. ಮಿನ್ನೆಸೋಟಾದಿಂದ ಪಶ್ಚಿಮಕ್ಕೆ ಡಿವಿಷನ್ 1 ಮಹಿಳಾ ಹಾಕಿ ಎಲ್ಲೂ ಇಲ್ಲ. ನಾರ್ತ್ ಡಕೋಟಾದಲ್ಲಿ ಇದ್ದದ್ದನ್ನೂ 2017ರಲ್ಲಿ ಮುಚ್ಚಿದರು. ಮರುವರ್ಷ ಪ್ಯೊಂಗ್‌ಚಾಂಗ್ ಒಲಿಂಪಿಕ್ಸ್ ಫೈನಲ್‌ನಲ್ಲಿ ಕೆನಡಾ ಎದುರು ಶೂಟೌಟ್‌ನಲ್ಲಿ ಗೋಲು ಹೊಡೆದು ಅಮೆರಿಕಕ್ಕೆ ಚಿನ್ನ ತಂದ ಜೋಸ್ಲಿನ್ ಲಮೂರೊ ಅದೇ ಮುಚ್ಚಿಹೋದ ತಂಡದಲ್ಲಿ ಆಡಿ ಬೆಳೆದವಳು.

ಪುಟ್ಟಿಗೆ ಈಗ ಹದಿಮೂರು. ಫ್ರಿಜ್ಜಿನ ಬಾಗಿಲಿಗೆ ಅಮೆರಿಕದ ಮ್ಯಾಪ್ ಅಂಟಿಸಿ, ಹುಡುಗಿಯರ ತಂಡವಿರುವ ಕಾಲೇಜಿಗೆಲ್ಲ ಕೆಂಪು ಬಿಂದಿ ಹಚ್ಚಿದ್ದಾಳೆ. ಬಿಂದಿಯ ಚೀಟಿ ಅವಳಮ್ಮನದು. ಎಲ್ಲವೂ ಬಲಕ್ಕೆ ಗುಂಪುಗಟ್ಟಿವೆ, ಎಡಭಾಗ ವಿಧವೆಯ ಹಣೆಯ ಹಾಗಿದೆ ಅಂತ ನನ್ನ ಬಾಯಿಂದ ಬಂದುಬಿಟ್ಟಿತು. "ಹಾಗೆಲ್ಲ ಅನ್ನಬೇಡಿ" ಅಂತ ಹೆಂಡತಿ ಗದರಿದಳು, ಸರಿಯಾಗಿಯೇ. ಮೊನ್ನೆ ಡೆಲವೇರ್‌ನಲ್ಲಿ ಹೊಸ ಮಹಿಳಾ ತಂಡ ಶುರುವಾಗಿದೆ ಅಂತ ಓದಿ ಪುಟ್ಟಿ ಇನ್ನೊಂದು ಬಿಂದಿ ಅಂಟಿಸಿದಳು. "ಅಪ್ಪಾ, ಇದು ನಮ್ಮನೆಯಿಂದ ಎಷ್ಟು ದೂರ?"

ಮೂರು ಸಾವಿರ ಕಿಲೋಮೀಟರ್‌ಗೂ ಜಾಸ್ತಿ ಅಂದೆ. ಅವಳು ಚೀಟಿ ತಿರುಗಿಸಿ ನೋಡಿದಳು. ಇನ್ನೂ ಒಂಬತ್ತು ಬಿಂದಿ ಉಳಿದಿದ್ದವು.