ಸುಳಿ ಅಷ್ಟು ಆಳ ಯಾಕೆ?
ಯೀಸ್ಟ್ ಬೆಳೆಸುವಾಗ ಫ್ಲಾಸ್ಕಿನ ದ್ರವವನ್ನು ಅಯಸ್ಕಾಂತದಿಂದ ಕಲಕುತ್ತಿರುವ ಸ್ಟರ್ ಪ್ಲೇಟನ್ನು ಕಂಪ್ಯೂಟರ್ ಫ್ಯಾನಿನಿಂದ ಮಾಡುವ ಬಗ್ಗೆ ನಿಮ್ಮ ಲೇಖನ ಓದಿದೆ. ವಿಧಾನವೇನೋ ಸರಿ. ಆದರೆ ಸುಳಿ ಫ್ಲಾಸ್ಕಿನ ತಳ ಮುಟ್ಟಬೇಕು ಅಂದಿದ್ದೀರಲ್ಲ, ಅದನ್ನು ಒಪ್ಪಲಾರೆ. ಯೀಸ್ಟ್ ತಳಕ್ಕೆ ಕೂರದೆ ತೇಲುತ್ತಿದ್ದರೆ, ಕಾರ್ಬನ್ ಡೈಆಕ್ಸೈಡ್ ಹೊರಹೋಗುತ್ತಿದ್ದರೆ ಸಾಕು. ಅದಕ್ಕೆ ಮೇಲ್ಗಡೆ ಒಂದು ಸಣ್ಣ ಗುಳಿ ಬಿದ್ದರಾಯಿತು. ವೇಗ ಏರಿಸಿದರೆ ಸ್ಟರ್ ಬಾರ್ (ಫ್ಲಾಸ್ಕಿನೊಳಗೆ ತಿರುಗುವ ಪುಟ್ಟ ಅಯಸ್ಕಾಂತದ ಕಡ್ಡಿ) ಹಿಡಿತ ತಪ್ಪಿ ಮೂಲೆಗೆ ಹೋಗಿ ಕಟಕಟ ಅನ್ನುತ್ತೆ. ಆಗ ಎಲ್ಲರೂ ಬೈಯೋದು ಪಾಪ, ಅಯಸ್ಕಾಂತವನ್ನು! ಫ್ಯಾನಿಗೆ ಅಂಟಿಸಿದ ಎರಡು ಅಯಸ್ಕಾಂತಗಳ ನಡುವಿನ ಅಂತರ ಬಾರಿನ ಉದ್ದಕ್ಕೆ ಹೊಂದಬೇಕು, ಒಂದರ ಉತ್ತರ ಧ್ರುವ ಮೇಲಿದ್ದರೆ ಇನ್ನೊಂದರ ದಕ್ಷಿಣ ಧ್ರುವ ಮೇಲಿರಬೇಕು. ಲೇಖನದಲ್ಲಿ ಬಿಟ್ಟುಹೋಗಿರುವುದು ಇದೇ. 12 ವೋಲ್ಟ್ ಫ್ಯಾನ್ ತೀರಾ ಕಡಿಮೆ ವೋಲ್ಟೇಜಿಗೆ ಹೊರಡುವುದಿಲ್ಲ. ಜಾಸ್ತಿ ಕೊಟ್ಟು ತಿರುಗಿಸಿ, ಆಮೇಲೆ ಇಳಿಸಿ. ಹಾಂ, ಫ್ಲಾಸ್ಕಿನ ಬಾಯಿಗೆ ಏರ್‌ಲಾಕ್ (ಒಳಗಿನ ಅನಿಲ ಹೊರಗೆ ಬಿಟ್ಟು, ಹೊರಗಿನ ಗಾಳಿ ತಡೆಯುವ ಮುಚ್ಚಳ) ಬೇಡ, ಫಾಯಿಲ್ ಸಡಿಲವಾಗಿ ಮುಚ್ಚಿ, ಗಾಳಿಯಾಡಲಿ.